ಕೀಲಿಮಣೆಯ ಮೇಲೆ ಬಿದ್ದ ಚಹಾ

ಫೆಬ್ರುವರಿ 27, ಭಾನುವಾರ. ಮದುವೆಯಾಗಿ ಕರಕೋಲ್‌ಗೆ ಬಂದು ನಲವತ್ನಾಲ್ಕನೇ ದಿನ.

ಇವತ್ತು ಲ್ಯಾಪ್‌ಟಾಪ್ ಮೇಲೆ ಚಹಾ ಬಿತ್ತು. ಚೆಲ್ಲಿದವಳು ನಾನೇ ಎಂದು ತೀರ್ಮಾನವಾಗಿದೆ. ನಾನಲ್ಲ. ಬೇರೆಲ್ಲೂ ಹೇಳುವ ಹಾಗಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಲೀಚಾ ಎಜೆ ಬಂದಿದ್ದರು. ತೀರಿಹೋದ ಮಾವನ ಅಕ್ಕ; ಎಜೆ ಎಂದರೆ ಇಲ್ಲಿ ಅಕ್ಕ. ವಾರಕ್ಕೊಮ್ಮೆ ಬಂದು, ನನ್ನನ್ನು ಎದುರಿಗೇ ಕೂರಿಸಿಕೊಂಡು, "ಸೊಸೆ ಹೇಗಿದಾಳೆ?" ಎಂದು ಅತ್ತೆಯನ್ನು ಕೇಳುವುದು ಅವರ ರೂಢಿ. ಅತ್ತೆಯನ್ನು ಬಾಯಲ್ಲಿ ನಾನೂ ಅಪಾ ಎಂದೇ ಕರೆಯುತ್ತೇನೆ, ಹಾಗೆ ಕರೆಯಲೇಬೇಕು. ಆದರೆ ಅಪಾ ಎಂದರೆ ಅಮ್ಮ, ಮತ್ತು ನನ್ನ ಅಮ್ಮ ನರಿನ್‌ನಲ್ಲಿದ್ದಾಳೆ. ಆದ್ದರಿಂದ ಈ ದಿನಚರಿಯಲ್ಲಿ ಅವರು ನನ್ನ ಗಂಡ ಎರ್ಮೆಕ್‌ನ ತಾಯಿ.

ಎರ್ಮೆಕ್‌ನ ತಾಯಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು, ತಾವು ಬರೆಯುತ್ತಿರುವ ಪುಸ್ತಕವನ್ನು ಎಜೆಗೆ ತೋರಿಸುತ್ತಿದ್ದರು. ನಾನು ಹಾಲು, ಉಪ್ಪು ಹಾಕಿದ ಚಹಾವನ್ನು ಅರ್ಧ ಬಟ್ಟಲು ಬಗ್ಗಿಸಿ ಕೈ ಚಾಚಿದೆ. ಎರ್ಮೆಕ್‌ನ ತಾಯಿ ತೆಗೆದುಕೊಂಡರು. ಬಟ್ಟಲು ಪೂರ್ತಿ ಅವರ ಕೈಯಲ್ಲಿತ್ತು. ಆಗ ಅವರ ಕೈ ನಡುಗಿತು. ಚಳಿಗೆ ನಡುಗುವ ಹಾಗಲ್ಲ, ಬೆರಳ ತುದಿಯಲ್ಲಿ ಸಣ್ಣಗೆ, ಬಿಡದೆ. ಚಹಾ ಕೀಲಿಮಣೆಯ ಮೇಲೆ ಹೋಯಿತು. ಎಜೆ ಎಣ್ಣೆಯಲ್ಲಿ ಕರಿದ ಬೊರ್ಸೊಕ್ ಎತ್ತಿಕೊಳ್ಳಲು ಆ ಕಡೆ ತಿರುಗಿದ್ದವರು ಇತ್ತ ನೋಡಿದಾಗ ನನ್ನ ಕೈ ಇನ್ನೂ ಚಾಚಿಯೇ ಇತ್ತು.

"ದೇವರು ಎರಡು ಕೈ ಕೊಟ್ಟಿದಾನೆ," ಎಂದರು ಎಜೆ. "ಒಂದು ಬಟ್ಟಲು ನೆಟ್ಟಗೆ ಹಿಡಿಯೋಕೆ ಬರಲ್ಲ. ನರಿನ್ ಕಡೆಯೋರು ಚಹಾ ಹೇಗೆ ಕುಡೀತಾರೋ."

ಎರ್ಮೆಕ್‌ನ ತಾಯಿ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಆ ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

"ತಪ್ಪಾಯ್ತು ಅಪಾ," ಎಂದೆ.

ಅಷ್ಟರಲ್ಲಿ ನನ್ನ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಗೋಡೆಯಿಂದ ತಂತಿ ಕಿತ್ತೆ, ಯಂತ್ರ ಆರುವವರೆಗೆ ಗುಂಡಿ ಒತ್ತಿ ಹಿಡಿದೆ, ತೆರೆದ ಪುಸ್ತಕದಂತೆ ಟವೆಲ್ಲಿನ ಮೇಲೆ ಕವುಚಿ ನಿಲ್ಲಿಸಿದೆ. ಹನಿ ಹನಿಯಾಗಿ ಚಹಾ ಇಳಿಯಿತು. ಅದು ಒಣಗುವವರೆಗೆ ಯಾರೂ ಚಾಲೂ ಮಾಡಬಾರದು ಎಂದು ಎರಡು ಸಲ ಹೇಳಿದೆ. ಸಂಜೆ ಎರ್ಮೆಕ್ ಬಿಷ್ಕೆಕ್‌ನಿಂದ ವ್ಯಾನ್ ಓಡಿಸಿಕೊಂಡು ಬಂದವನು ಕೋಟು ಕೂಡ ಬಿಚ್ಚಲಿಲ್ಲ.

"ಒಂದೇ ಒಂದ್ಸಲ ಒತ್ತಿ ನೋಡ್ತೀನಿ."

"ಬೇಡ."

ಒತ್ತಿದ. ನೀಲಿ ದೀಪ ಎರಡು ಸಲ ಮಿನುಗಿತು, ಹಾಲು ಸೀದ ವಾಸನೆ ಬಂತು, ಆರಿತು. "ನಾನೇನೂ ಮಾಡ್ಲಿಲ್ಲಪ್ಪ," ಎಂದು ಎಲ್ಲರಿಗಿಂತ ಮೊದಲು ಅವನೇ ಹೇಳಿದ.

ವಸಂತದ ಹಬ್ಬ ನೌರುಜ್ ಆದ ಮೇಲೆ ಹೊಸ ಸೊಸೆ ತವರಿಗೆ ಹೋಗಿ ಬರುವುದು ಪದ್ಧತಿ. ನಾನು ಹೋಗುತ್ತೇನೆ. ಬರುವ ವಿಚಾರ ಅಲ್ಲಿ ಕೂತು ಯೋಚಿಸುತ್ತೇನೆ.


ಫೆಬ್ರುವರಿ 28, ಸೋಮವಾರ. ನಲವತ್ತೈದು.

ಲ್ಯಾಪ್‌ಟಾಪಿನ ಒಳಗಿರುವುದು ಏನು ಎಂದು ಇವತ್ತು ಎರ್ಮೆಕ್ ಹೇಳಿದ. ಅವನ ತಾಯಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಾರೆ. ಒಂಬತ್ತು ಬೇಸಿಗೆ ಬೆಟ್ಟದ ಮೇಲಿನ ಹುಲ್ಲುಗಾವಲುಗಳಿಗೆ ಹೋಗಿ, ಕುರಿ ಕಾಯುವ ಮುದುಕರ ಡೇರೆಗಳಲ್ಲಿ ಕೂತು, ಇಲ್ಲಿನ ದೊಡ್ಡ ಸರೋವರದ ಪೂರ್ವಕ್ಕಿರುವ ಪ್ರತಿ ತೊರೆ, ಪ್ರತಿ ಕಣಿವೆ, ಪ್ರತಿ ಬಂಡೆಯ ಹೆಸರು ಮತ್ತು ಆ ಹೆಸರು ಬಂದ ಕಥೆಯನ್ನು ಕೇಳಿ ಬರೆದಿದ್ದಾರೆ. ಹೇಳಿದವರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ. ಬಿಷ್ಕೆಕ್‌ನ ಪ್ರಕಾಶಕರು ಅಚ್ಚು ಮಾಡಲು ಒಪ್ಪಿದ್ದಾರೆ. ಮಾರ್ಚ್ ಇಪ್ಪತ್ತರೊಳಗೆ ಕಳಿಸಬೇಕು. ಬೇರೆ ಪ್ರತಿ ಇರುವುದು ಒಂದು ಪೆನ್‌ಡ್ರೈವ್‌ನಲ್ಲಿ, ಎರಡು ವರ್ಷ ಹಳೆಯದು.

ಬೆಳಿಗ್ಗೆ ಎದ್ದು ನೋಡಿದರೆ ಟವೆಲ್ ಮೇಲೆ ಲ್ಯಾಪ್‌ಟಾಪ್ ಇರಲಿಲ್ಲ. ಎಜೆ ಫೋನಿನಲ್ಲಿ ಹೇಳಿದರಂತೆ, ಅಕ್ಕಿಯಲ್ಲಿ ಹೂತಿಟ್ಟರೆ ನೀರು ಹೀರುತ್ತದೆ ಎಂದು. ಪಲಾವಿಗೆ ತಂದ ಉಜ್ಗೆನ್ ಅಕ್ಕಿಯ ಚೀಲದಲ್ಲಿ ಅದು ಕುತ್ತಿಗೆ ಮಟ್ಟ ಕೂತಿತ್ತು. ಎರ್ಮೆಕ್‌ನ ತಾಯಿ ಶಾಲೆಗೆ ಹೋದದ್ದೇ ಹೊರಗೆ ತೆಗೆದೆ. ಗಾಳಿ ಹೋಗುವ ಸಂದಿಯಲ್ಲೆಲ್ಲ ನುಚ್ಚು.

ಬರೀ ನೀರಾಗಿದ್ದರೆ ನಾನೂ ಕಾಯುತ್ತಿದ್ದೆ. ಹಾಲು ಹಾಗಲ್ಲ. ಒಣಗಿದರೂ ಹೋಗುವುದಿಲ್ಲ, ಅಂಟಿಕೊಂಡು, ಹುಳಿಯಾಗಿ, ತಾಮ್ರವನ್ನು ತಿನ್ನುತ್ತದೆ. ಅಪ್ಪನ ರೇಡಿಯೋ ಅಂಗಡಿಯಲ್ಲಿ ನಾನು ಹೈಸ್ಕೂಲು ಮುಗಿಸುವವರೆಗೆ ನೋಡಿದ್ದು ಇದನ್ನೇ. ಎರ್ಮೆಕ್‌ನ ಪೆಟ್ಟಿಗೆಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿತು. ಹಿಂಬದಿ ಬಿಚ್ಚಿದೆ, ಮೊದಲು ಬ್ಯಾಟರಿಯ ತಂತಿ ತೆಗೆದೆ. ಹನ್ನೊಂದು ಸ್ಕ್ರೂಗಳನ್ನು ಬಂದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟಿದ್ದೆ. ಆಗ ಬಾಗಿಲು ತೆರೆಯಿತು. ಎರ್ಮೆಕ್‌ನ ತಾಯಿ. ಅವರಿಗೆ ಮೂರನೇ ಪೀರಿಯಡ್ ಇರಲಿಲ್ಲವಂತೆ.

"ಏನು ಮಾಡ್ತಿದೀಯ?"

"ಅಪಾ, ಒಳಗೆ ಹಾಲಿದೆ..."

"ಒಂಬತ್ತು ವರ್ಷ," ಎಂದರು. ಧ್ವನಿ ಎತ್ತಲಿಲ್ಲ. "ನನ್ನ ಒಂಬತ್ತು ವರ್ಷಾನ ಹಳೇ ಪೇಪರ್ ಮೇಲೆ ಬಿಚ್ಚಿ ಹರಡಿದೀಯಲ್ಲ. ಮದ್ದಿನಂಗಡೀಲಿ ಇದನ್ನೂ ಕಲಿಸ್ತಾರಾ?"

ನರಿನ್‌ನಲ್ಲಿ ಔಷಧಿ ಅಂಗಡಿಯಲ್ಲಿದ್ದೆ ಎಂಬುದಷ್ಟೇ ಅವರಿಗೆ ಗೊತ್ತು. "ಅಪ್ಪ ಕಲಿಸಿದ್ದು," ಎಂದೆ.

"ಅಪ್ಪ ಚಹಾ ಕೊಡೋದು ಕಲಿಸ್ಲಿಲ್ವಾ?"

ಚೆಲ್ಲಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಹೇಳಿ ಮುಗಿಸುವ ಮೊದಲೇ ಅವರು ಕಣ್ಣು ತಪ್ಪಿಸಿದರು. ನಾನು ಸ್ಕ್ರೂ ಎಣಿಸಿದೆ.


ಮಾರ್ಚ್ 1, ಮಂಗಳವಾರ. ನಲವತ್ತಾರು.

ಶಾಲೆ ಮುಗಿದ ಮೇಲೆ ಇಬ್ಬರೂ ಬಜಾರಿಗೆ ಹೋದೆವು. ಅವರು ಮುಂದೆ, ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ನಾನು ಹಿಂದೆ. ಕೆಸರು, ಕರಗಿದ ಹಿಮ. ರಿಪೇರಿಯ ಇಸ್ಖಾರ್ ಕೂರುವುದು ಬೀಗದ ಅಂಗಡಿಯ ಪಕ್ಕದ ಕಬ್ಬಿಣದ ಡಬ್ಬಿಯಂಥ ಮಳಿಗೆಯಲ್ಲಿ. ಎಪ್ಪತ್ತು ದಾಟಿದ, ದುಂಗಾನ್ ಜನಾಂಗದ ಮುದುಕ, ಎರಡು ಕನ್ನಡಕ ಒಂದರ ಮೇಲೊಂದು.

"ಬಿಚ್ಚಿದ್ದು ಯಾರು?" ಎಂದು ಕೇಳಿದ.

"ನನ್ನ ಸೊಸೆ," ಎಂದರು, ದೂರು ಕೊಡುವ ದನಿಯಲ್ಲಿ.

"ಬ್ಯಾಟರಿ ತೆಗೆದೋಳೂ ಅವಳೇನಾ?"

"ಎಲ್ಲ ಅವಳೇ."

"ಹಾಗಾದ್ರೆ ಇದರಲ್ಲಿ ಏನು ಉಳಿದಿದ್ರೂ ಅವಳಿಂದ ಉಳಿದಿದೆ, ಟೀಚರಮ್ಮ. ಒಳಗೆ ಕರೆಂಟು ಹರೀತಾ ಇದ್ದಿದ್ರೆ ಇಷ್ಟೊತ್ತಿಗೆ ಇದು ರೊಟ್ಟಿ ಹೆಂಚು." ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿದ. "ಹಾಲು, ಉಪ್ಪು. ಅಕ್ಕಿಯಲ್ಲಿ ಹೂತಿದ್ದು ಯಾರು?"

ಎರ್ಮೆಕ್‌ನ ತಾಯಿ ಬೀಗದ ಅಂಗಡಿಯ ಕಡೆ ನೋಡಿದರು.

ಅವನ ಬಲಗಣ್ಣಿಗೆ ಪೊರೆ ಬಂದಿದೆ. ಸೂಕ್ಷ್ಮ ಕೆಲಸ ನಿಧಾನ, ಹತ್ತು ದಿನ ಬೇಕು ಎಂದ. ಎರ್ಮೆಕ್‌ನ ತಾಯಿಯ ಮುಖ ಬಿಳಿಚಿತು. ಮುದುಕ ನನ್ನತ್ತ ನೋಡಿ, "ನಿನ್ನ ಕಣ್ಣು ಚೆನ್ನಾಗಿದ್ಯಾ? ಕೈ?" ಎಂದ. ತನ್ನ ಸ್ಟೂಲನ್ನು ನನ್ನ ಕಡೆ ತಳ್ಳಿದ. ಬಾಟಲಿ ಸ್ಪಿರಿಟ್, ಮೆತ್ತನೆಯ ಹಲ್ಲುಜ್ಜುವ ಬ್ರಷ್. ಕತ್ತಲಾಗುವವರೆಗೆ ಉಜ್ಜಿದೆ. ಎರ್ಮೆಕ್‌ನ ತಾಯಿ ಹೋಗಲಿಲ್ಲ. ಬಾಗಿಲ ಚಳಿಯಲ್ಲಿ, ಕೋಟಿನ ಗುಂಡಿ ಬಿಚ್ಚಿಕೊಂಡು, ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದರು.

ಹೆಸರುಗಳೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಹೊರತೆಗೆದು ಮುದುಕ ತನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದ. ಏನೂ ಕಾಣಲಿಲ್ಲ. ತಂತಿ ಸೇರುವ ಹಲ್ಲುಗಳ ಮೇಲೆ ಹಸಿರು ಕಿಲುಬು.

"ಸತ್ತಿದೆ ಅಂತ ಹೇಳಲ್ಲ. ಒಳಗೆ ಇನ್ನೂ ತೇವ ಇರಬೋದು. ನಾಲ್ಕು ದಿನ ಒಲೆ ಹತ್ತಿರ ಇಡಿ. ಒಲೆ ಮೇಲಲ್ಲ, ಹತ್ತಿರ."


ಮಾರ್ಚ್ 3, ಗುರುವಾರ. ನಲವತ್ತೇಳೋ, ಎಂಟೋ.

ಡಿಸ್ಕು ಒಲೆಯಿಂದ ಒಂದು ಮೊಳ ದೂರದಲ್ಲಿ, ಕರವಸ್ತ್ರದ ಮೇಲೆ ಮಲಗಿದೆ. ಇಬ್ಬರೂ ಅದರ ಸುತ್ತ ಮೆಲ್ಲಗೆ ನಡೆಯುತ್ತೇವೆ, ಜ್ವರದ ಮಗು ಮಲಗಿದ ಹಾಗೆ.

ಸಂಜೆ ಅವರು ಮಕ್ಕಳ ಪರೀಕ್ಷೆ ಕಾಗದ ತಿದ್ದುತ್ತಿದ್ದರು. ಟಿಕ್ ಹಾಕಿದರೆ ಗೆರೆ ಅಲೆಅಲೆಯಾಗಿ ಬರುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದು ಮತ್ತೆ ಹಾಕುತ್ತಿದ್ದರು. ಹೊರಗೆ ಹಿಮ ಬೀಳುತ್ತಿದೆ, ಕಿಟಕಿ ತೆರೆದಿದೆ. ಇಬ್ಬರ ಊಟ ಒಬ್ಬರೇ ಮಾಡುತ್ತಾರೆ, ಆದರೂ ಸಡಿಲಾದ ಲಂಗಕ್ಕೆ ಪಿನ್ನು ಚುಚ್ಚಿಕೊಂಡಿದ್ದಾರೆ. ಔಷಧಿ ಅಂಗಡಿಯಲ್ಲಿ ಇಂಥವರನ್ನು ನೋಡಿದ್ದೇನೆ. ಇದು ಯಾವ ಕಾಯಿಲೆ ಎಂದು ಅಂದಾಜು ಇದೆ. ಧೈರ್ಯ ಮಾಡಿ, "ಅಪಾ, ಒಂದ್ಸಲ ನಿಮ್ಮ ನಾಡಿ ನೋಡ್ಲಾ?" ಎಂದೆ.

"ಲ್ಯಾಪ್‌ಟಾಪ್ ಬಿಚ್ಚಿದ್ದು ಸಾಕು. ನನ್ನನ್ನೂ ಬಿಚ್ಚೋಕೆ ಬರಬೇಡ."

ಆದರೆ ಮಲಗುವ ಮುಂಚೆ ನನ್ನ ಪಾಲಿನ ಚಹಾವನ್ನು ಅವರೇ ಬಗ್ಗಿಸಿ ಮೇಜಿನ ಮೇಲಿಟ್ಟು ಹೋಗಿದ್ದರು. ಬಟ್ಟಲಿನ ಸುತ್ತ ಮೇಜು ಒದ್ದೆ.


ಮಾರ್ಚ್ 5, ಶನಿವಾರ

ಸಿಕ್ಕಿತು.

ಬೆಳಿಗ್ಗೆ ಇಸ್ಖಾರ್‌ನ ಮಳಿಗೆಯಲ್ಲಿ ಡಿಸ್ಕಿನ ಹಲ್ಲುಗಳನ್ನು ಇನ್ನೊಮ್ಮೆ ಸ್ಪಿರಿಟ್‌ನಲ್ಲಿ ಉಜ್ಜಿ, ಮೂವರೂ ಸೇರಿ ಜೋಡಿಸಿದೆವು. ಮೊದಲು ಏನೂ ಇಲ್ಲ. ಮುದುಕ ತಂತಿ ಬದಲಿಸಿದ. ಡಿಸ್ಕು ಒಳಗೊಳಗೇ ಗುರ್ ಎಂದಿತು, ನಿಂತಿತು, ಮತ್ತೆ ಗುರ್ ಎಂದಿತು. ಪರದೆಯ ಮೇಲೆ ಒಂದೊಂದೇ ಕಡತ ಮೂಡಿತು. ನಾಲ್ಕು ಸಾವಿರದ ಮುನ್ನೂರ ಹದಿನಾರು ಹೆಸರು.

ಅಪಾ ಹಳೆಯ ಟಿವಿಯ ಡಬ್ಬದ ಮೇಲೆ ಕೂತು ನೀರು ಕೇಳಿದರು. ಕುಡಿದು, "ಮಧ್ಯದಲ್ಲಿ ಯಾವುದಾದ್ರೂ ಒಂದು ತೆಗಿ," ಎಂದರು. ತೆಗೆದೆ. ಒಬ್ಬ ಮುದುಕಿ ಕಳೆದುಹೋದ ಮೇಕೆಗಾಗಿ ಮೂರು ದಿನ ಕೂಗಿದ ಬಂಡೆ. ಅದಕ್ಕೆ ಕೂಗುಬಂಡೆ ಎಂದು ಹೆಸರು. ಮೇಕೆ ನಾಲ್ಕನೇ ದಿನ ತಾನಾಗಿ ಮನೆಗೆ ಬಂತಂತೆ.

"ಬಂತಾ?" ಎಂದ ಇಸ್ಖಾರ್.

"ಬಂತು," ಎಂದರು ಅಪಾ. ಆಗ ನಕ್ಕರು. ಅವರ ಮುಂದಿನ ಹಲ್ಲುಗಳ ನಡುವೆ ಸಂದಿ ಇದೆ, ನನಗೆ ಗೊತ್ತೇ ಇರಲಿಲ್ಲ.

ಎರಡು ಪೆನ್‌ಡ್ರೈವ್‌ಗೆ ಪ್ರತಿ ಮಾಡಿದೆವು. ಒಂದು ಅವರ ಚೀಲದಲ್ಲಿ, ಒಂದು ನನ್ನದರಲ್ಲಿ. ಲ್ಯಾಪ್‌ಟಾಪ್ ಕೂಡ ಸಂಜೆ ಚಾಲೂ ಆಯಿತು, ಐದು ಕೀಗಳು ಬಿಟ್ಟು. ಮುದುಕ ಬೇರೆ ಕೀಲಿಮಣೆ ಕೊಟ್ಟಿದ್ದಾನೆ, ಹಳದಿಯಾಗಿದೆ, ಒತ್ತಿದರೆ ಕುದುರೆ ನಡೆದ ಸದ್ದು.

ಮಲಗಿದರೂ ನಿದ್ದೆ ಬರುತ್ತಿಲ್ಲ, ಸಂತೋಷಕ್ಕೆ.


ಮಾರ್ಚ್ 8, ಮಂಗಳವಾರ

ಮಹಿಳಾ ದಿನದ ರಜೆ. ಎರ್ಮೆಕ್ ಇಬ್ಬರಿಗೂ ಒಂದೊಂದು ಗೊಂಚಲು ಹಳದಿ ಹೂ ತಂದ. ಎಜೆ ಕೇಕು ತಂದರು. ಮಾತೂ ತಂದರು.

"ಇವತ್ತು ಚಹಾ ನಾನೇ ಬಗ್ಗಿಸ್ತೀನಪ್ಪ. ಮನೇಲಿ ಇನ್ನು ಟಿವಿ ಒಂದು ಉಳಿದಿದೆ."

ನಾನು ತಲೆ ತಗ್ಗಿಸಿಕೊಂಡು ಕೇಕು ಕತ್ತರಿಸುತ್ತಿದ್ದೆ. ಅಪಾ ಬಟ್ಟಲನ್ನು ಮೇಜಿನ ಮೇಲಿಟ್ಟರು.

"ಎಜೆ, ಅವತ್ತು ಚೆಲ್ಲಿದ್ದು ನಾನು."

"ಏನು?"

"ಬಟ್ಟಲು ನನ್ನ ಕೈಲಿತ್ತು. ಈ ಹುಡುಗಿ ಹತ್ತು ದಿನದಿಂದ ನಿಮ್ಮ ಬಾಯಿಂದ ಅನ್ನಿಸ್ಕೊಂಡು ಸುಮ್ಮನಿದಾಳೆ. ನಾನು ಕೂತು ಕೇಳ್ತಿದೀನಿ. ಇನ್ನು ಕೇಳೋಕಾಗಲ್ಲ." ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಬೆರಳುಗಳು ನಡುಗಿದವು. ಎಲ್ಲರೂ ನೋಡಿದೆವು. ಎರ್ಮೆಕ್‌ನ ಬಾಯಲ್ಲಿದ್ದ ಕೇಕು ಹಾಗೇ ಇತ್ತು.

ಎಜೆ ಆ ಕೈಯನ್ನು ನೋಡಿದರು. ಆಮೇಲೆ ಮೆತ್ತಗೆ, "ನಿಮ್ಮಮ್ಮನ ಥರಾನಾ, ದಾಮಿರಾ?" ಎಂದರು.

"ಅನ್ಸುತ್ತೆ."

ಎಜೆ ಹೊರಡುವಾಗ ಬಾಗಿಲಲ್ಲಿ ನನ್ನ ಕೆನ್ನೆ ಹಿಂಡಿ, "ಬಾಯಿ ಇಲ್ವೇನೇ ನಿಂಗೆ? ಬೈದೋರಿಗೆ ತಿರುಗಿ ಅನ್ನಬೇಕು," ಎಂದು ಬೈದೇ ಹೋದರು.

ಪಾತ್ರೆ ತೊಳೆಯುವಾಗ ಅಪಾ ಬಂದು ಪಕ್ಕದಲ್ಲಿ ನಿಂತರು. ಅವರ ಅಮ್ಮನಿಗೆ ನಡುಕದ ಕಾಯಿಲೆ ಇತ್ತಂತೆ. ಏಳು ವರ್ಷ. ಕೊನೆಗೆ ಚಮಚ ಹಿಡಿಯಲಾಗುತ್ತಿರಲಿಲ್ಲ, ಬಾಯಿ ತೆರೆಯಲಾಗುತ್ತಿರಲಿಲ್ಲ. ತಮಗೂ ಅದೇ ಬಂತೆಂದು ಹೋದ ಬೇಸಿಗೆಯಿಂದ ಗೊತ್ತಿತ್ತಂತೆ. ಟೈಪ್ ಮಾಡಲು ಕೂತರೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುವುದು. ಪುಸ್ತಕ ಮುಗಿಯುವವರೆಗೆ ಯಾರಿಗೂ ತಿಳಿಯಬಾರದು ಎಂದುಕೊಂಡಿದ್ದರಂತೆ.

"ನಿನ್ನ ಮೇಲೆ ಹಾಕಿದ್ದು ನಾಚಿಕೆಗೆಟ್ಟ ಕೆಲಸ, ಬುರುಲ್."

ಮೊದಲ ಸಲ ಹೆಸರು ಹಿಡಿದು ಕರೆದದ್ದು. ನಾನು ಇನ್ನೊಂದು ತಟ್ಟೆ ಚಾಚಿ, "ಆ ತಟ್ಟೆ ಒರೆಸಿದ್ದಾಯ್ತು ಅಪಾ, ಇದು ತಗೊಳ್ಳಿ," ಎಂದೆ.


ಮಾರ್ಚ್ 9, ಬುಧವಾರ

ಇವತ್ತು ನಾಡಿ ಹಿಡಿಯಲು ಬಿಟ್ಟರು. ನಿಮಿಷಕ್ಕೆ ನೂರ ಹದಿನೆಂಟು, ಸುಮ್ಮನೆ ಕೂತಿದ್ದಾಗ.

"ನಿಮ್ಮಮ್ಮನ ಕೈ ಯಾವಾಗ ನಡುಗ್ತಿತ್ತು ಅಪಾ? ಮಡಿಲಲ್ಲಿ ಸುಮ್ಮನೆ ಇಟ್ಟಾಗಲಾ?"

"ಹೌದು. ಬೀಜ ಹೊಸಕೋ ಹಾಗೆ, ಬೆರಳು ತಾವೇ ಆಡ್ತಿದ್ವು."

"ನಿಮ್ಮದು ಮಡಿಲಲ್ಲಿ ಸುಮ್ಮನೇ ಇದೆ, ನೋಡಿ. ಈಗ ಚಾಚಿ." ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟೆ. ಹಾಳೆ ಪಟಪಟ ಎಂದಿತು. ಸೆಕೆ, ಹಸಿವು, ಇಳಿದ ತೂಕ, ಓಡುವ ಎದೆ. ಇದು ಬೇರೆಯೇ ಇರಬಹುದು, ಗಂಟಲಿನ ಗ್ರಂಥಿಯದು, ಔಷಧಿ ಇದೆ ಎಂದೆ. ಆದರೆ ನಾನು ಡಾಕ್ಟರಲ್ಲ, ಪರೀಕ್ಷೆ ಮಾಡಿಸಲೇಬೇಕು ಎಂದೂ ಹೇಳಿದೆ.

"ಅಲ್ಲದಿದ್ರೆ?"

"ಅಲ್ಲದಿದ್ರೆ ಆಗ ನೋಡೋಣ. ಈಗ ನಿಮಗೆ ಟೈಪ್ ಮಾಡೋಕೆ ಹತ್ತು ಬೆರಳು ಬೇಕು. ನನ್ನವಿವೆ."


ಮಾರ್ಚ್ 12, ಶನಿವಾರ

ನಿನ್ನೆ ರಕ್ತ ಕೊಟ್ಟು ಬಂದೆವು. ಅಪಾ ಹೇಳುತ್ತಾರೆ, ನಾನು ಒತ್ತುತ್ತೇನೆ. ಒಂದೊಂದು ಹೆಸರಿಗೂ ಜಗಳ.

"ಅಪಾ, ಈ ಕಥೇಲಿ ಸೊಸೆ ತಪ್ಪೇ ಇಲ್ಲ. ಯಾಕೆ ಅವಳೇ ನದಿಗೆ ಬೀಳಬೇಕು?"

"ಮುದುಕ ಹೇಳಿದ್ದು ಹಾಗೇ."

"ಮುದುಕನ ಹೆಂಡತಿನ ಕೇಳಿದ್ರಾ?"

"ಹೌದಲ್ಲ. ಹೆಂಡತಿ ಒಳಗೆ ಬೇರೆ ಏನೋ ಗೊಣಗ್ತಿದ್ಲು," ಎಂದರು. ಕೆಳಗೆ ಒಂದು ಸಾಲು ಸೇರಿಸಿದೆವು: ಹೆಂಗಸರು ಇದನ್ನು ಒಪ್ಪುವುದಿಲ್ಲ.

ಅಮ್ಮ ಫೋನ್ ಮಾಡಿ ನೌರುಜ್ ಆದ ಮೇಲೆ ಯಾವತ್ತು ಬರುತ್ತೀ ಎಂದು ಕೇಳಿದಳು. ಅದಿನ್ನೂ ದೂರ ಇದೆಯಮ್ಮ, ಈಗ ಎರಡು ಕಣಿವೆ ಪೂರ್ತಿ ಬಾಕಿ ಇವೆ ಎಂದು ಹೇಳಿ ಇಟ್ಟೆ. ಬೇಸರ ಮಾಡಿಕೊಂಡಳೋ ಏನೋ. ನಾಳೆ ಮಾಡಬೇಕು.

ಎರ್ಮೆಕ್ ಎರಡು ದಿನದಿಂದ ತಾನೇ ಆಲೂಗಡ್ಡೆ ಹುರಿದುಕೊಂಡು ತಿನ್ನುತ್ತಿದ್ದಾನೆ. "ನಾನು ಈ ಮನೆ ಮಗ ಅನ್ನೋದು ಯಾರಿಗಾದ್ರೂ ನೆನಪಿದ್ಯಾ?" ಎಂದ. ಅಪಾ ತಲೆ ಎತ್ತದೆ, "ಉಪ್ಪು ಕಮ್ಮಿ ಹಾಕು," ಎಂದರು.


ಮಾರ್ಚ್ 15, ಮಂಗಳವಾರ

ಕಳಿಸಿದೆವು. ಗುಂಡಿ ಅಪಾ ಒತ್ತಿದರು, ಬೆರಳನ್ನು ನಾನು ಹಿಡಿದುಕೊಂಡಿದ್ದೆ, ಮೂರು ಸಲ ಹೋಗದಿರಲಿ ಎಂದು. ಮಧ್ಯಾಹ್ನ ಪ್ರಕಾಶಕರ ಉತ್ತರ ಬಂತು: ತಲುಪಿದೆ.

ಬೆನ್ನು ನೋಯುತ್ತಿದೆ. ಮಲಗುತ್ತೇನೆ.


ಮಾರ್ಚ್ 17, ಗುರುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಿದ್ದೆವು. ಅಪಾ ಎದುರಿನ ಗೋಡೆಯ ಮೇಲಿದ್ದ ಹಳೆಯ ನಕ್ಷೆಯಲ್ಲಿ ಎರಡು ಹೊಳೆಯ ಹೆಸರು ಅದಲು ಬದಲಾಗಿದೆ ಎಂದು ಒಮ್ಮೆ ತೋರಿಸಿದರು, ಅಷ್ಟೇ. ಒಳಗೆ ಕರೆದಾಗ ನನ್ನ ತೋಳು ಹಿಡಿದುಕೊಂಡರು.

ಡಾಕ್ಟರಮ್ಮ ಕಾಗದ ನೋಡಿದರು, ಕುತ್ತಿಗೆ ಮುಟ್ಟಿ ನುಂಗಿ ಎಂದರು, ಕೈ ಚಾಚಿಸಿದರು, ನಡೆಸಿದರು, ಬರೆಸಿದರು. ಥೈರಾಯ್ಡ್ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿದೆ. ಮಾತ್ರೆ ತಿನ್ನಬೇಕು, ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಬೇಕು. ನಡುಕ ಕೆಲವು ವಾರಗಳಲ್ಲಿ ಇಳಿಯುತ್ತದೆ.

"ನಮ್ಮಮ್ಮನ ಕಾಯಿಲೆ?" ಎಂದರು ಅಪಾ.

"ಅದರ ಲಕ್ಷಣ ನಿಮ್ಮಲ್ಲಿ ಒಂದೂ ಕಾಣ್ತಿಲ್ಲ. ಇಷ್ಟು ತಿಂಗಳು ಯಾಕೆ ಸುಮ್ಮನಿದ್ರಿ?"

ಅಪಾ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಬಿಸಿಲಿತ್ತು, ಸೂರಿನಿಂದ ಹಿಮ ತೊಟ್ಟಿಕ್ಕುತ್ತಿತ್ತು. ಅಳುತ್ತಾರೆಂದು ನಾನು ಕರವಸ್ತ್ರ ತೆಗೆದೆ. "ಹಸಿವಾಗ್ತಿದೆ," ಎಂದರು. ಕರವಸ್ತ್ರ ಬೇಕಾದದ್ದು ನನಗೆ. ಅವರು ನನ್ನ ಮೂಗು ಒರೆಸಿ, "ಏನಾಯ್ತು ಈಗ? ಎಲ್ಲ ಸರಿಯಾಯ್ತಲ್ಲ, ಹುಚ್ಚಿ," ಎಂದರು.

ಬಜಾರಿನ ಓಣಿಯಲ್ಲಿ ಅಶ್ಲ್ಯಾನ್‌ಫು ತಿನ್ನಲು ಕೂತೆವು. ಉದ್ದನೆಯ ಮೇಜು, ಅಕ್ಕಪಕ್ಕ ಜನ, ಎಲ್ಲರೂ ಅವರ ಪರಿಚಯದವರೇ. ಅರ್ಧ ಜನಕ್ಕೆ ಅವರೇ ಪಾಠ ಹೇಳಿದ್ದು. ತಣ್ಣನೆ ಹುಳಿ ಸಾರಿನಲ್ಲಿ ಶಾವಿಗೆ, ಮೇಲೆ ಕೆಂಪು ಖಾರ. ಅಪಾ ಚಮಚ ಎತ್ತಿದರು, ಕೈ ನಡುಗಿ ಶಾವಿಗೆ ಜಾರಿ ಮೇಜಿನ ಮೇಲೆ ಬಿತ್ತು, ಖಾರ ತೋಳಿಗೆ ಸಿಡಿಯಿತು. ಎದುರಿದ್ದ ಹೆಂಗಸು ನೋಡಿದಳು. ಅಪಾ ಶಾಲಿನೊಳಗೆ ಕೈ ಎಳೆದುಕೊಳ್ಳಲಿಲ್ಲ.

"ಥೈರಾಯ್ಡ್," ಎಂದರು ಅವಳಿಗೆ, ಮಗ ಪಾಸಾದ ಸುದ್ದಿ ಹೇಳುವ ಹಾಗೆ. "ಬರೀ ಥೈರಾಯ್ಡ್ ಕಣಮ್ಮ."

ಆಮೇಲೆ ಎರಡೂ ಕೈಯಿಂದ ಬಟ್ಟಲನ್ನೇ ಎತ್ತಿ ಬಾಯಿಗಿಟ್ಟುಕೊಂಡು, ಗಲ್ಲದ ಮೇಲೆಲ್ಲ ಸುರಿಸಿಕೊಂಡು, ತಳ ಕಾಣುವವರೆಗೆ ಕುಡಿದರು. ನಾನೂ ಹಾಗೇ ಕುಡಿದೆ.